ತಿಂಗಳಾಯರು ಅಮೆರಿಕವನ್ನು ಗೆದ್ದುಕೊಟ್ಟ ಶುಕ್ರವಾರ

ಬಹರೈನ್ ದ್ವೀಪದಲ್ಲಿ ಪ್ರೇಮನಾಥ ತಿಂಗಳಾಯರನ್ನು ಮಾತಿನಲ್ಲಿ ಸೋಲಿಸಿದವರು ಯಾರೂ ಇಲ್ಲ. ಇದು ನಾನು ಹೇಳಿದ್ದಲ್ಲ, ಅವರೇ ಹೇಳಿದ್ದು. ಅವರು ಹೇಳಿದರೆ ಇಡೀ ದ್ವೀಪಕ್ಕೆ ಕೇಳಿಸುತ್ತಿತ್ತಾದ್ದರಿಂದ ಎಲ್ಲರೂ ಹೇಳಿದ ಹಾಗೆಯೇ ಆಯಿತು. ಸನದ್‌ನ ತಮ್ಮ ಫ್ಲ್ಯಾಟಿನಲ್ಲಿ ಅವರು ಬೆಳಿಗ್ಗೆ ಗಂಟಲು ಸರಿಮಾಡಿಕೊಂಡರೆ ಬುದಯ್ಯದ ತೋಟಗಳಲ್ಲಿ ಜನ ಮರಳುಗಾಳಿ ಬಂತೆಂದು ಒಣಹಾಕಿದ ಬಟ್ಟೆ ತೆಗೆಯುತ್ತಿದ್ದರು. ಸೌದಿ ಸೇತುವೆಯ ಮೇಲೆ ಆ ಧ್ವನಿಯನ್ನು ತಡೆದು ಪಾಸ್‌ಪೋರ್ಟ್ ಕೇಳಿದ್ದೂ ಉಂಟು.

ಹೆಜಮಾಡಿಯ ಮೊಗವೀರರ, ಅಂದರೆ ಕಡಲಲ್ಲಿ ಮೀನು ಹಿಡಿಯುವವರ, ಮನೆಯವರು. ಹೊಟ್ಟೆಪಾಡಿಗೆ ಮೀನಾ ಸಲ್ಮಾನ್ ಬಂದರಿನಲ್ಲಿ ಹಡಗುಗಳಿಗೆ ಅಕ್ಕಿ, ತರಕಾರಿ, ಹಗ್ಗ, ಕುಡಿಯುವ ನೀರು ಒದಗಿಸುವ ಕಂಪನಿಯೊಂದರ ಮೇಲ್ವಿಚಾರಕ. ಆ ಕೆಲಸದಲ್ಲಿ ಮಾತು ಬಾರದವನು ಒಂದು ವಾರ ಉಳಿಯುವುದಿಲ್ಲ. ಒಬ್ಬ ಕ್ಯಾಪ್ಟನ್ ಟೊಮೆಟೊ ಮೆತ್ತಗಾಗಿದೆ ಎಂದು ಇಡೀ ಲೋಡು ವಾಪಸ್ ಕಳಿಸಲು ಹೊರಟಾಗ ತಿಂಗಳಾಯರು ಏಣಿ ಹತ್ತಿ ಹೋಗಿ ಮಾತಾಡಿದರಂತೆ. ಇಳಿದು ಬರುವಾಗ ಕ್ಯಾಪ್ಟನ್ ಇನ್ನೆರಡು ಪೆಟ್ಟಿಗೆ ಮೆತ್ತಗಿನ ಟೊಮೆಟೊವನ್ನೇ ಬೇಕೆಂದು ಕೇಳಿದನಂತೆ. ನಾನು ಆ ಕ್ಯಾಪ್ಟನ್ನನ್ನು ನೋಡಿಲ್ಲ. ಟೊಮೆಟೊ ನೋಡಿದ್ದೇನೆ. ನಂಬಬಹುದು.

ಆದರೆ ಟೊಮೆಟೊ ಅವರ ಹೊಟ್ಟೆಪಾಡು ಮಾತ್ರ. ಅವರ ನಿಜವಾದ ಕಸುಬು ತಾಳಮದ್ದಳೆ. ಘಟ್ಟದ ಮೇಲಿನ ಓದುಗರಿಗಾಗಿ ಹೇಳಿಬಿಡುತ್ತೇನೆ: ಇದು ವೇಷವಿಲ್ಲದ, ಕುಣಿತವಿಲ್ಲದ ಯಕ್ಷಗಾನ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ. ಪಂಚೆ, ಶಾಲು ಹಾಕಿಕೊಂಡು ಕುರ್ಚಿಯಲ್ಲಿ ಕೂತ ಅರ್ಥಧಾರಿಗಳು ರಾಮನಾಗಿ, ವಾಲಿಯಾಗಿ ಆ ಪದ್ಯದ ಅರ್ಥವನ್ನು ಅಲ್ಲೇ ಹುಟ್ಟಿಸಿ ಮಾತಾಡುತ್ತಾರೆ. ಬರೆದಿಟ್ಟ ಮಾತಿಲ್ಲ. ಒಂದೇ ಒಂದು ಇಂಗ್ಲಿಷ್ ಶಬ್ದ ಬಾಯಿತಪ್ಪಿ ಬಂದರೂ ಮರ್ಯಾದೆ ಹೋಯಿತು. ಕಥೆಯಲ್ಲಿ ಯಾರು ಗೆಲ್ಲಬೇಕೆಂಬುದನ್ನು ಪದ್ಯ ಮೊದಲೇ ಹೇಳಿರುತ್ತದೆ, ನಿಜ. ಆದರೆ ಸೋಲಬೇಕಾದವನು ಸುಮ್ಮನೆ ಸೋಲುವುದಿಲ್ಲ. ಅವನ ಪ್ರಶ್ನೆಗೆ ಗೆಲ್ಲುವವನು ತಕ್ಕ ಉತ್ತರ ಕೊಡಬೇಕು; ಕೊಟ್ಟ ಮೇಲೆಯೇ ಭಾಗವತರು ಮುಂದಿನ ಪದ್ಯ ಎತ್ತುವುದು.

ತಿಂಗಳಾಯರು ಸೋಲುವ ಪಾತ್ರಗಳಿಗೇ ಹೆಸರಾದವರು. ವಾಲಿ, ರಾವಣ, ಕೌರವ. ಒಮ್ಮೆ ವಾಲಿಯಾಗಿ, "ಮರದ ಮರೆಯಿಂದ ಬಾಣ ಬಿಟ್ಟೆಯಲ್ಲ, ಅದು ಯಾವ ಧರ್ಮ?" ಎಂದು ಅವರು ಕೇಳಿದ ರೀತಿಗೆ, ರಾಮನಾಗಿದ್ದ ಅತಿಥಿಗಳು ನೀರು ಕುಡಿದು ಬರುತ್ತೇನೆಂದು ಒಳಗೆ ಹೋದವರು ಹಿಂಬಾಗಿಲಿನಿಂದ ಕಾರು ಹತ್ತಿ ರಿಫಾದ ತಮ್ಮ ಮನೆ ಸೇರಿಕೊಂಡರು. ಬಾಣ ತಾಗಿದ ವಾಲಿ ಅಂದು ಗೋಳಿಬಜೆ ತಿಂದು ಆರಾಮಾಗಿ ಮನೆಗೆ ಹೋದ.

ಅವರಿಗೊಂದು ಹೆಮ್ಮೆಯ ಮಾತಿತ್ತು. ಯಾರು ಸಿಕ್ಕರೂ ಹೇಳುತ್ತಿದ್ದರು: "ವೇದಿಕೆಯಲ್ಲಿ ಒಂದು, ಮನೆಯಲ್ಲಿ ಒಂದು ಹೇಳುವವ ಅರ್ಥಧಾರಿ ಅಲ್ಲ ಮಾರಾಯ್ರೆ. ಅವ ವಕೀಲ."

ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ. ಅವರ ಹೆಂಡತಿ ಇಟ್ಟುಕೊಂಡಿದ್ದರು.

ಮನೆಯಲ್ಲಿ ಮೂವರು. ಹೆಂಡತಿ ಉಷಾಲತಾ, ಮಗಳು ಅಶ್ಮಿತಾ, ಇವರು. ಮನೆಮಾತು ತುಳು, ನಾನಿಲ್ಲಿ ಕನ್ನಡಕ್ಕೆ ಇಳಿಸಿ ಬರೆಯುತ್ತಿದ್ದೇನೆ. ಅಶ್ಮಿತಾ ಬಹರೈನಿನಲ್ಲೇ ಹುಟ್ಟಿದವಳು, ಗೆಳತಿಯರ ಜೊತೆ ಇಂಗ್ಲಿಷ್, ಅಂಗಡಿಯಲ್ಲಿ ಹಿಂದಿ. ಕನ್ನಡ ಅವಳ ಕಿವಿಗೆ ಬೀಳುತ್ತಿದ್ದುದು ಅಪ್ಪನಿಗೆ ಸಿಟ್ಟು ಬಂದಾಗ ಮಾತ್ರ. ಏಕೆಂದರೆ ತಿಂಗಳಾಯರಿಗೆ ಸಿಟ್ಟು ಏರಿದರೆ ತುಳು ಇಳಿದು, ಅಚ್ಚ ತಾಳಮದ್ದಳೆಯ ಕನ್ನಡ ಎದ್ದು ನಿಲ್ಲುತ್ತಿತ್ತು. ಬೇರೆ ಮಕ್ಕಳು ಬೈಸಿಕೊಂಡು ಅಳುತ್ತಾರೆ; ಈ ಹುಡುಗಿ ಬೈಸಿಕೊಂಡು ಸಂಧಿ ಸಮಾಸ ಕಲಿತಳು.

೨೦೧೩ನೇ ಇಸವಿ. ಹನ್ನೆರಡನೇ ತರಗತಿ ಮುಗಿಸಿದ ಅಶ್ಮಿತಾಗೆ ಚೆನ್ನೈಯ ಒಂದು ಕಾಲೇಜಿನಲ್ಲಿ ಹಡಗಿನ ಅಧಿಕಾರಿಗಳ ತರಬೇತಿಗೆ ಸೀಟು ಸಿಕ್ಕಿತು. ವ್ಯಾಪಾರದ ಹಡಗು ನಡೆಸುವ ಕೆಲಸ. ತಿಂಗಳೊಳಗೆ ಬರುತ್ತೇನೆ ಅಥವಾ ಬರುವುದಿಲ್ಲ ಎಂದು ಹೇಳಬೇಕು. ತಿಂಗಳಾಯರು ಅನ್ನದ ತಟ್ಟೆ ಪಕ್ಕಕ್ಕೆ ಸರಿಸಿದರು.

"ಎಲೌ ಮಗಳೇ! ಕಡಲೆಂದರೆ ಏನೆಂದು ಬಲ್ಲೆ? ದಡದಲ್ಲಿ ನಿಂತು ನೋಡುವವರಿಗೆ ಅದು ಸೊಬಗು, ನಡುವೆ ನಿಂತವರಿಗೆ ಅದು ಸೆರೆಮನೆ. ನನ್ನ ನೆರಳಿನಲ್ಲಿ ನಿನಗೆ ಯಾವ ಕೊರತೆಯಾಯಿತು? ಅನ್ನವಿಲ್ಲವೇ? ಅರಿವೆಯಿಲ್ಲವೇ? ಕಾಯುವ ಕೈಯನ್ನು ದೂಡಿ ಅಲೆಯನ್ನು ಅಪ್ಪುವೆನೆಂಬ ಈ ಹಟವನ್ನು ನಿನ್ನ ಕಿವಿಯಲ್ಲಿ ಊದಿದವರಾರು?"

"ಸಾರು ಹಾಕ್ಬೇಕಾ," ಎಂದರು ಉಷಾಲತಾ, "ಅಲ್ಲ ಭಾಗವತರು ಇನ್ನೊಂದು ಪದ್ಯ ಹೇಳಿದ ಮೇಲಾ?"

ಜನ ಇದನ್ನು ಗಂಡಸಿನ ಹಟವೆಂದು ತಿಳಿದರು. ಅದಲ್ಲ. ಒಂದೆರಡು ವರ್ಷದ ಹಿಂದೆ ಬಂದರಿನ ಹೊರಗೆ ಒಂದು ಹಡಗು ಲಂಗರು ಹಾಕಿತ್ತು. ಮಾಲೀಕ ಫೋನು ಎತ್ತುವುದನ್ನು ನಿಲ್ಲಿಸಿದ್ದ. ಅದರಲ್ಲಿ ದುಡಿಯುವ ಹುಡುಗರಿಗೆ ಸಂಬಳವಿಲ್ಲ, ಹಡಗು ಬಿಟ್ಟು ಇಳಿಯುವಂತಿಲ್ಲ, ಊರಿಗೆ ಹೋಗುವಂತಿಲ್ಲ. ಮಳೆಗಾಲ ಹೋಗಿ ಮತ್ತೊಂದು ಮಳೆಗಾಲ ಊರಿನಲ್ಲಿ ಸುರಿಯುತ್ತಿದ್ದರೂ ಅವರು ಅಲ್ಲೇ ಇದ್ದರು. ತಿಂಗಳಾಯರು ಲಾಂಚಿನಲ್ಲಿ ಅವರಿಗೆ ಅಕ್ಕಿ, ನೀರು, ಉಷಾಲತಾ ಮಾಡಿದ ಬಂಗುಡೆ ಸಾರು ಒಯ್ಯುತ್ತಿದ್ದರು. ಕಟಕಟೆ ಹಿಡಿದು ನಿಂತ ಒಬ್ಬ ಹುಡುಗ, ಅಶ್ಮಿತಾಳಷ್ಟೇ ವಯಸ್ಸು, ಸಾರಿನ ಪಾತ್ರೆ ನೋಡಿ ಅತ್ತುಬಿಟ್ಟ. ಆ ದಿನ ತಿಂಗಳಾಯರು ಮನೆಗೆ ಬಂದು ಊಟ ಮಾಡದೆ ಮಲಗಿದರು. ಮಾತಾಡದೆ ಮಲಗಿದರು ಎಂದರೆ ನೀವು ನಂಬಲಿಕ್ಕಿಲ್ಲ. ಬುದಯ್ಯದವರು ಅಂದು ಗಾಳಿ ನಿಂತಿತೆಂದು ಎಸಿ ಜಾಸ್ತಿ ಮಾಡಿದರು.

ಹೀಗಿರುವಾಗ ನಮ್ಮ ಕನ್ನಡ ಕೂಟದ ಅಧ್ಯಕ್ಷರಾಗಿ ಲಕ್ಷ್ಮೀಪತಿಯವರು ಬಂದರು. ದಾವಣಗೆರೆಯವರು, ಬ್ಯಾಂಕಿನಲ್ಲಿ ದೊಡ್ಡ ಕೆಲಸ, ಇತಿಹಾಸದ ಹುಚ್ಚು. ತಾಳಮದ್ದಳೆಯನ್ನು ಅವರು ಕೇಳಿದ್ದು ಬಹರೈನಿಗೆ ಬಂದ ಮೇಲೆ.

"ನೋಡ್ರೀ ತಿಂಗಳಾಯ್ರೇ," ಎಂದರು. "ಅಮೆರಿಕದ ನೌಕಾಪಡೆ ನಮ್ಮ ಮನೆ ಬಾಗಿಲಲ್ಲೇ, ಜುಫೈರ್‌ನಲ್ಲಿ ಕೂತಿದೆ. ಆ ಪಡೆ ಹುಟ್ಟಿದ್ದು ಹೆಂಗೆ ಗೊತ್ತೇನ್ರಿ? ಮೀನು ಹಿಡಿಯೋ ದೋಣಿಯಿಂದ! ಅದನ್ನೇ ಈ ಸಲ ನಿಮ್ಮ ತಾಳಮದ್ದಳೆ ಮಾಡಿಬಿಡ್ರಿ."

ಕಥೆ ಇಷ್ಟು. ಅಮೆರಿಕ ಆಗ ಇಂಗ್ಲೆಂಡಿನ ವಸಾಹತು. ೧೭೭೫ರಲ್ಲಿ ಸ್ವಾತಂತ್ರ್ಯದ ಹೋರಾಟ ಶುರುವಾದಾಗ ಬೋಸ್ಟನ್ ಬಂದರಿನಲ್ಲಿ ರಾಜನ ಯುದ್ಧನೌಕೆಗಳು ನಿಂತಿದ್ದವು. ಹೋರಾಟಗಾರರ ಹತ್ತಿರ ಒಂದು ಹಡಗೂ ಇಲ್ಲ, ಮದ್ದುಗುಂಡೂ ಇಲ್ಲ. ಆ ಕರಾವಳಿಯವರನ್ನು ಬಗ್ಗಿಸಲು ಇಂಗ್ಲೆಂಡು ಒಂದು ಕಾನೂನು ಮಾಡಿತು: ಮೀನುಗಾರರು ಇನ್ನು ಆಳಸಮುದ್ರಕ್ಕೆ ಹೋಗಕೂಡದು. ಕಡಲಿಗೆ ಹೋಗಬೇಡ ಎಂದು ಮೀನುಗಾರನಿಗೆ ಹೇಳಿದರೆ ಏನಾಗುತ್ತದೆ? ಕೆಲಸವಿಲ್ಲದ ದೋಣಿಗಳಿಗೆ ಹೋರಾಟಗಾರರ ಸೇನೆ ಫಿರಂಗಿ ಕಟ್ಟಿತು, ಕೆಲಸವಿಲ್ಲದ ಮೀನುಗಾರರು ಅದನ್ನು ಹತ್ತಿದರು, ವರ್ಷ ಮುಗಿಯುವುದರೊಳಗೆ ರಾಜನ ಬಂದೂಕು, ಗುಂಡು ತುಂಬಿದ ಒಂದು ಹಡಗನ್ನೇ ಹಿಡಿದರು.

ತಿಂಗಳಾಯರ ಮುಖ ಅರಳಿತು. ಇಷ್ಟು ವರ್ಷ ಸೋಲುವ ರಾಜರಾಗಿದ್ದವರಿಗೆ ಗೆಲ್ಲುವ ಪಾತ್ರ. ಅದೂ ತಮ್ಮ ಜಾತಿ ಕಸುಬಿನದು.

"ಮೀನುಗಾರರ ನಾಯಕ ನಾನೇ. ಆದ್ರೆ ನಾಯಕ ಅಂತ ಕರೀಬೇಡಿ. ಗುರಿಕಾರ ಅಂತ ಕರೀರಿ. ಮೊಗವೀರರಲ್ಲಿ ಪಟ್ಟಣಕ್ಕೆ ಒಬ್ಬ ಗುರಿಕಾರ ಇರ್ತಾನೆ. ಬೋಸ್ಟನ್ನಿಗೆ ಮಾತ್ರ ಬೇಡ್ವಾ?"

ಲಕ್ಷ್ಮೀಪತಿಯವರು ಉತ್ಸಾಹದಲ್ಲಿ ಎರಡೂ ಪಾತ್ರಗಳ ಮಾತನ್ನು ತಾವೇ ಬರೆದು, ಟೈಪ್ ಮಾಡಿಸಿ ತಂದರು. ತಿಂಗಳಾಯರು ಅದನ್ನು ಎರಡೂ ಕೈಯಲ್ಲಿ ಗೌರವದಿಂದ ತೆಗೆದುಕೊಂಡು, "ಇದು ಒಳ್ಳೆಯದುಂಟು," ಎಂದು ಮದ್ದಳೆಯ ಅಡಿಗೆ ಇಟ್ಟರು. ಮದ್ದಳೆ ಅಲುಗಾಡುವುದು ನಿಂತಿತು. ಪದ್ಯಗಳನ್ನು ಭಾಗವತ ಕುಶಲ ಶೆಟ್ಟಿ ಕಟ್ಟಿದ. ಹಗಲು ಎಸಿ ಕಂಪನಿಯಲ್ಲಿ ದುಡಿಯುವ ಕುಶಲ ತಾಳ ಹಿಡಿದರೆ ಮಾತ್ರ ಭಾರೀ ಖಡಕ್ಕು; ಉತ್ತರ ಸರಿಯಾಗಿ ಬಾರದೆ ಮುಂದಿನ ಪದ್ಯ ಎತ್ತುವವನಲ್ಲ.

ಎದುರು ಪಾತ್ರ ಇಂಗ್ಲೆಂಡಿನ ನೌಕಾಧಿಪತಿ. ಅದಕ್ಕೆ ಮಂಗಳೂರಿನ ಮಾರ್ಸೆಲಿನ್ ಲೋಬೊ. ಆದರೆ ಕಾರ್ಯಕ್ರಮದ ಹಿಂದಿನ ವಾರ ಮಾರ್ಸೆಲಿನ್ ಒಂದು ಮದುವೆಯಲ್ಲಿ ವಧೂವರರಿಗೆ ಶುಭ ಕೋರುವ ಟೋಸ್ಟ್ ಭಾಷಣಕ್ಕೆ ನಿಂತ. ವಧುವಿನ ಗುಣಗಾನವನ್ನು ಅವಳ ಮುತ್ತಜ್ಜಿಯಿಂದ ಶುರುಮಾಡಿದನಂತೆ. ಅವಳ ಅಮ್ಮನವರೆಗೆ ಬರುವಷ್ಟರಲ್ಲಿ ಗಂಟಲು ಹೋಯಿತು. ಗುರುವಾರ ಅವನು ಕುಶಲನಿಗೆ ಫೋನು ಮಾಡಿದಾಗ ಗಾಳಿ ಬಿಟ್ಟರೆ ಬೇರೇನೂ ಕೇಳಿಸಲಿಲ್ಲ.

ಎಲ್ಲರೂ ತಿಂಗಳಾಯರ ಮನೆಗೆ ಓಡಿದರು. ಲಕ್ಷ್ಮೀಪತಿಯವರಿಗೆ ಬೆವರು. ತಿಂಗಳಾಯರು ಕಾಲ ಮೇಲೆ ಕಾಲು ಹಾಕಿ ಕೂತಿದ್ದರು.

"ಎಂತ ಹೆದರ್ತೀರಿ? ಯಾರನ್ನಾದ್ರೂ ಕೂರಿಸಿ. ಕುರ್ಚಿಯನ್ನೇ ಖಾಲಿ ಇಡಿ, ನಾನು ಅದನ್ನೂ ವಾದದಲ್ಲಿ ಸೋಲಿಸ್ತೇನೆ."

"ನಾನು ಕೂರ್ತೇನೆ ಪಪ್ಪ," ಎಂದಳು ಅಶ್ಮಿತಾ.

ತಿಂಗಳಾಯರು ನಕ್ಕರು. ಆ ನಗುವಿಗೆ ಸಿತ್ರಾದ ಎಣ್ಣೆಯ ಟ್ಯಾಂಕುಗಳು ಡಮ್ಮೆಂದವು.

"ನಿನಗೆ ಕನ್ನಡ ಎಲ್ಲಿ ಬರ್ತದೆ? ಪದ್ಯದ ನಡುವೆ 'ಆಕ್ಚುಯಲಿ' ಅಂತ ಹೇಳಿದ್ರೆ ಕುಶಲ ತಾಳ ಬಿಸಾಡಿ ಹೋಗ್ತಾನೆ."

"ಬರ್ತದೆ. ನೀವೇ ಕಲಿಸಿದ್ದು."

"ನಾನಾ? ಯಾವಾಗ?"

"ಊಟದ ಹೊತ್ತಿಗೆ."

ತಿಂಗಳಾಯರಿಗೆ ಇದರ ಅರ್ಥವಾಗಲಿಲ್ಲ. ಅರ್ಥಧಾರಿಗಳಿಗೂ ಹಾಗೆ ಆಗುವುದುಂಟು. ಹೆಮ್ಮೆಯಿಂದ ಮಗಳ ತಲೆ ಸವರಿ ಒಪ್ಪಿಬಿಟ್ಟರು. ಒಳಗೆ ಉಷಾಲತಾ ಚಹಾದ ಲೋಟ ತೊಳೆಯುತ್ತ ಸಣ್ಣಗೆ ಏನೋ ಗುನುಗುತ್ತಿದ್ದರು.

ಶುಕ್ರವಾರ ಸಂಜೆ ಗುಫೂಲಿನ ಬಾಡಿಗೆ ಸಭಾಂಗಣ ತುಂಬಿತ್ತು. ಇಡೀ ಬಹರೈನೇ ಬಂದಿತ್ತು. ಬಾರದವರು ರಜೆಗೆ ಊರಿಗೆ ಹೋದವರು, ಅವರೂ ಅಲ್ಲಿಂದ ಕಿವಿಗೊಟ್ಟಿದ್ದರು. ಕುಶಲ ಮೊದಲ ಪದ್ಯ ಎತ್ತಿದ. ತಿಂಗಳಾಯರು ಶಾಲು ಸರಿಮಾಡಿಕೊಂಡು ಗುರಿಕಾರನಾಗಿ ಪೀಠಿಕೆ ಹಾಕಿದರು. ಬೋಸ್ಟನ್ನಿನ ಬಲೆ, ಬೋಸ್ಟನ್ನಿನ ಗಾಳಿ, ಬೋಸ್ಟನ್ನಿನ ಬಂಗುಡೆ. ಬೋಸ್ಟನ್ ಪಡುಬಿದ್ರಿಯ ಪಕ್ಕದಲ್ಲೇ ಇದೆಯೆಂದು ಮುಂದಿನ ಸಾಲಿನ ಅಜ್ಜಂದಿರಿಗೆ ಖಾತ್ರಿಯಾಯಿತು. ಎರಡನೇ ಪದ್ಯ ಬಂತು: ನೌಕಾಧಿಪತಿ ಗುರಿಕಾರನನ್ನು ತನ್ನ ಹಡಗಿಗೆ ಕರೆಸಿ ಗದರಿಸುತ್ತಾನೆ.

ಅಶ್ಮಿತಾ ಎರಡೂ ಕೈ ಮೊಣಕಾಲಿನ ಮೇಲಿಟ್ಟು ನೆಟ್ಟಗೆ ಕೂತಳು.

"ಎಲವೋ ಗುರಿಕಾರ! ಕಡಲೆಂದರೆ ಏನೆಂದು ಬಲ್ಲೆ? ದಡದಲ್ಲಿ ನಿಂತು ನೋಡುವವರಿಗೆ ಅದು ಸೊಬಗು, ನಡುವೆ ನಿಂತವರಿಗೆ ಅದು ಸೆರೆಮನೆ. ನಮ್ಮ ದೊರೆಯ ನೆರಳಿನಲ್ಲಿ ನಿನಗೆ ಯಾವ ಕೊರತೆಯಾಯಿತು? ಅನ್ನವಿಲ್ಲವೇ? ಅರಿವೆಯಿಲ್ಲವೇ?"

ಸಭೆ ಚಪ್ಪಾಳೆ ತಟ್ಟಿತು. ಇಷ್ಟು ಸ್ವಚ್ಛ ಕನ್ನಡ ಬಹರೈನಿನಲ್ಲಿ ಹುಟ್ಟಿದ ಹುಡುಗಿಯ ಬಾಯಲ್ಲಿ! ಲಕ್ಷ್ಮೀಪತಿಯವರು ಪಕ್ಕದವರಿಗೆ, "ನಾನೇ ಬರ್ಕೊಟ್ಟಿದ್ದು," ಎಂದುಬಿಟ್ಟರು. ಉಷಾಲತಾ ಒಬ್ಬರೇ ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದರು.

ತಿಂಗಳಾಯರ ಕೈ ಶಾಲಿನ ಮೇಲೆ ಹಾಗೇ ನಿಂತಿತು. ತಮ್ಮದೇ ಮಾತು ಎದುರು ಕುರ್ಚಿಯಿಂದ ಬರುತ್ತಿದೆ. ಅದನ್ನು ಮುರಿಯುವ ಕೆಲಸವೂ ತಮ್ಮದೇ. ಅವರು ಮಾತನ್ನು ಪಕ್ಕಕ್ಕೆ ಜಾರಿಸಿ ನೋಡಿದರು.

"ನೌಕಾಧಿಪತಿಯೇ, ಅನ್ನ ಅರಿವೆಯ ಮಾತು ಆಮೇಲಾಗಲಿ. ಮೊದಲು ತೆರಿಗೆಯ ಲೆಕ್ಕ ಹೇಳು..."

"ತೆರಿಗೆಯ ಮಾತು ಬೇರೆ ದಿನಕ್ಕಿರಲಿ. ಕಡಲಿಗೆ ಹೋಗಬೇಡವೆಂದರೆ ಯಾಕೆ ಹೋಗುವೆ? ಅದಕ್ಕೆ ಉತ್ತರ ಹೇಳು."

"ಅದು... ನಮ್ಮ ಕುಲದ ಕಸುಬು!"

"ಕುಲದ ಕಸುಬೇ? ಹಾಗಾದರೆ ಕುಲದವರೆಲ್ಲರಿಗೂ ಸಲ್ಲುವುದೋ? ಅಥವಾ ಮೀಸೆ ಇದ್ದವರಿಗೆ ಮಾತ್ರವೋ?"

ಹೆಂಗಸರ ಸಾಲಿನಿಂದ ಸಿಳ್ಳೆ ಬಂತು. ತಿಂಗಳಾಯರು ಮೀಸೆ ಮುಟ್ಟಿಕೊಂಡರು, ಇತ್ತು. ಆದರೆ ಈ ಹೊತ್ತಿಗೆ ಉಪಯೋಗಕ್ಕೆ ಬರುವಂತಿರಲಿಲ್ಲ. ಅಷ್ಟರಲ್ಲಿ ನೌಕಾಧಿಪತಿಯ ಧ್ವನಿ ತಗ್ಗಿತು. ಇದು ಊಟದ ಹೊತ್ತಿನಲ್ಲಿ ಕಲಿತದ್ದಲ್ಲ. ಅಡುಗೆಮನೆಯಲ್ಲಿ ಅಮ್ಮ ಹೇಳಿದ್ದನ್ನು ಕೇಳಿ ತಾನೇ ಹೊಸೆದದ್ದು.

"ಗುರಿಕಾರ, ನಾನು ಕೆಟ್ಟವನಲ್ಲ. ಲಂಗರು ಹಾಕಿದ ಹಡಗಿನ ಕಟಕಟೆ ಹಿಡಿದು ಅಳುವ ಎಳೆಯರನ್ನು ನನ್ನ ಕಣ್ಣಿನಿಂದ ಕಂಡಿದ್ದೇನೆ. ಆ ಅಳು ನಿನಗೆ ಬರಬಾರದೆಂದೇ ಬೇಡವೆನ್ನುತ್ತೇನೆ. ಇದು ತಪ್ಪೇ?"

ಕುಶಲ ತಾಳವನ್ನು ಎದೆಯ ಹತ್ತಿರ ಹಿಡಿದು ಕಾದ. ಉತ್ತರ ಬಾರದೆ ಪದ್ಯವಿಲ್ಲ. ಪದ್ಯವಿಲ್ಲದೆ ಮೀನುದೋಣಿ ಹೊರಡುವುದಿಲ್ಲ. ದೋಣಿ ಹೊರಡದಿದ್ದರೆ ಅಮೆರಿಕ ಇಂದಿಗೂ ಇಂಗ್ಲೆಂಡಿನದೇ. ಜುಫೈರ್‌ನ ಬೂದು ಹಡಗುಗಳೆಲ್ಲ ಆ ಕ್ಷಣ ಯಾವ ಬಾವುಟ ಏರಿಸುವುದೆಂದು ತಿಳಿಯದೆ ನಿಂತಿದ್ದವು. ಲಕ್ಷ್ಮೀಪತಿಯವರು ಕುಶಲನಿಗೆ ಕೈಸನ್ನೆಯಲ್ಲಿ ಬೇಡಿಕೊಂಡರು: ಎತ್ತಪ್ಪಾ, ಎತ್ತು. ಕುಶಲ ತಲೆಯಾಡಿಸಿದ.

ತಿಂಗಳಾಯರು ಮಗಳನ್ನು ನೋಡಿದರು. ಸುಮ್ಮನಿದ್ದರೆ ಮಗಳು ಸನದ್‌ನಲ್ಲೇ ಉಳಿಯುತ್ತಾಳೆ. ಬಾಯಿ ತೆರೆದರೆ ಹೋಗುತ್ತಾಳೆ. ಸುಮ್ಮನಿರುವುದು ಸುಲಭ, ಆದರೆ ಆ ವಿದ್ಯೆ ಅವರಿಗೆ ಗೊತ್ತಿರಲಿಲ್ಲ. ಕೊನೆಗೆ ಅವರು ಶಾಲನ್ನು ಮಡಿಚಿ ಮಡಿಲಲ್ಲಿಟ್ಟರು. ಆ ದಿನ ಮೊದಲ ಬಾರಿಗೆ ಅವರ ಧ್ವನಿ ಸಭಾಂಗಣದೊಳಗೇ ಉಳಿಯಿತು.

"ತಪ್ಪಲ್ಲ, ನೌಕಾಧಿಪತಿ. ಅಳುವವರನ್ನು ನಾನೂ ಕಂಡಿದ್ದೇನೆ. ಆದರೆ ಅವರ ಬಳಿಗೆ ಅನ್ನ, ನೀರು ಹೊತ್ತು ಹೋದವರಾರು? ದಡದಲ್ಲಿ ನಿಂತು ಮರುಗಿದವರೇ? ಅಲ್ಲ, ದೋಣಿ ಹತ್ತಿದವರು. ನಾವು ಕಡಲಿಗೆ ಹೋಗದಿದ್ದರೆ ಅಳುವವರು ಕಡಿಮೆಯಾಗುವುದಿಲ್ಲ. ಅವರ ಬಳಿಗೆ ಹೋಗುವವರು ಕಡಿಮೆಯಾಗುತ್ತಾರೆ. ನೀನು ಹೆದರಿದೆ. ಹೆದರಿಕೆ ಪ್ರೀತಿಯಿಂದಲೇ ಬಂದದ್ದು, ಒಪ್ಪಿದೆ. ಆದರೆ ಅದು ನಿನ್ನದು. ಅದನ್ನು ನಮ್ಮ ದೋಣಿಗೆ ಲಂಗರಾಗಿ ಕಟ್ಟಬೇಡ. ನಾವು ಹೊರಟೆವು."

ಅಶ್ಮಿತಾಳ ಕಣ್ಣು ತುಂಬಿತ್ತು. ಇಂಗ್ಲೆಂಡಿನ ನೌಕಾಪಡೆಯಲ್ಲಿ ಹಾಗೆ ಮಾಡುವ ಪದ್ಧತಿ ಇಲ್ಲ, ಆದರೂ ನೌಕಾಧಿಪತಿ ಕೈಮುಗಿದ.

"ಗುರಿಕಾರ, ಈ ಮಾತಿಗೆ ನನ್ನಲ್ಲಿ ಉತ್ತರವಿಲ್ಲ."

ಕುಶಲನ ತಾಳ ಮೊಳಗಿತು. ಮೀನುದೋಣಿಗಳು ಹೊರಟವು, ರಾಜನ ಹಡಗು ಸಿಕ್ಕಿಬಿತ್ತು, ಅಮೆರಿಕ ಉಳಿಯಿತು. ಚಪ್ಪಾಳೆಗೆ ಸಭಾಂಗಣದ ಸುಣ್ಣ ಉದುರಿ ಗೋಳಿಬಜೆಯ ಮೇಲೆ ಬಿತ್ತು. ತೆಂಗಿನಕಾಯಿ ತುರಿಯೆಂದು ಜನ ತಿಂದರು.

ಚಹಾದ ಮೇಜಿನ ಹತ್ತಿರ ತಿಂಗಳಾಯರನ್ನು ಜನ ಮುತ್ತಿಕೊಂಡಿದ್ದರು. ಉಷಾಲತಾ ನಿಧಾನವಾಗಿ ಬಂದರು.

"ಅಮೆರಿಕಕ್ಕೆ ಸ್ವಾತಂತ್ರ್ಯ ಕೊಟ್ಟಾಯ್ತು. ಇನ್ನು ಮನೆಯವರಿಗೆ?"

"ಅದು ಗುರಿಕಾರ ಹೇಳಿದ್ದು ಮಾರಾಯ್ತಿ. ನಾನು ಹೇಳಿದ್ದಾ?"

"ಓ, ಹಾಗಾ?" ಉಷಾಲತಾ ಸುತ್ತ ಇದ್ದವರ ಕಡೆ ತಿರುಗಿದರು. "ಕೇಳಿದ್ರಾ? ನಮ್ಮ ಇವರು ಇವತ್ತಿನಿಂದ ವಕೀಲರಂತೆ."

ಕುಶಲ ಚಹಾ ಬಟ್ಟಲಿನೊಳಗೆ ಕೆಮ್ಮಿದ. "ಪ್ರೇಮಣ್ಣ, ಕಪ್ಪು ಕೋಟು ನಾನು ಹೊಲಿಸಿ ಕೊಡ್ಲಾ?"

ತಿಂಗಳಾಯರು ಒಂದು ಗೋಳಿಬಜೆ ತೆಗೆದುಕೊಂಡರು, ತಿರುಗಿಸಿ ನೋಡಿದರು, ಮತ್ತೆ ತಟ್ಟೆಯಲ್ಲಿಟ್ಟರು. ಬಹರೈನಿನಲ್ಲಿ ಯಾರಿಗೂ ಸೋಲದ ಮನುಷ್ಯನನ್ನು ಕೊನೆಗೂ ಒಬ್ಬರು ಸೋಲಿಸಿದ್ದರು. ಗುರಿಕಾರ. ಅವನನ್ನು ಅಷ್ಟು ಗಟ್ಟಿಯಾಗಿ ಬೆಳೆಸಿದವರೂ ಇವರೇ.

"ಚೆನ್ನೈಗೆ ಹೇಳು," ಎಂದರು ಮಗಳಿಗೆ. "ಬರ್ತೇನೆ ಅಂತ ಹೇಳು."

ಕಾಲೇಜು ಶುರುವಾಗುವ ಹೊತ್ತಿಗೆ ಮೂವರೂ ಮುಹರ್ರಖ್‌ನ ವಿಮಾನ ನಿಲ್ದಾಣದಲ್ಲಿದ್ದರು. ಉಷಾಲತಾ ಒಣಸಿಗಡಿ ಚಟ್ನಿಯ ಬಾಟಲಿಯನ್ನು ಮೂರು ಟವೆಲಿನಲ್ಲಿ ಸುತ್ತಿ ಚೀಲದಲ್ಲಿ ಹುದುಗಿಸಿದ್ದರು. ಆ ವಾಸನೆಗೆ ಸಾಲಿನಲ್ಲಿದ್ದವರೆಲ್ಲ ತಾವಾಗಿಯೇ ದಾರಿ ಬಿಟ್ಟರು. ತಿಂಗಳಾಯರು ಬಂದಾಗಿನಿಂದ ಬರೀ ಸಾಮಾನಿನ ತೂಕದ ಬಗ್ಗೆ ಮಾತಾಡುತ್ತಿದ್ದರು. ಅಶ್ಮಿತಾ ಅಪ್ಪನ ಕಾಲು ಮುಟ್ಟಿ ಎದ್ದಳು, ಒಳಗೆ ಹೋಗುವ ಬಾಗಿಲಿನ ಹತ್ತಿರ ತಿರುಗಿ ನಿಂತಳು.

"ಪಪ್ಪ, ಒಂದು ವಿಷಯ. ಬಹರೈನಿನಲ್ಲಿ ಯಾರಿಗೂ ಸೋಲದವರು ನನ್ನ ಹತ್ತಿರ ಸೋತ್ರು ಅಂತ ಹಡಗಲ್ಲಿ ಎಲ್ಲರಿಗೂ ಹೇಳ್ತೇನೆ."

ತಿಂಗಳಾಯರು ಗಂಟಲು ಸರಿಮಾಡಿಕೊಂಡರು. ರನ್‌ವೇಯಲ್ಲಿದ್ದ ಒಂದು ವಿಮಾನ ತನ್ನನ್ನೇ ಕರೆದರೆಂದು ನಿಂತಿತು.

"ಹೇಳು. ಆದ್ರೆ ಸರಿಯಾಗಿ ಹೇಳು. ಉತ್ತರ ಇಲ್ಲ ಅಂತ ಕೈಮುಗಿದದ್ದು ಯಾರು? ನೀನು. ಇನ್ನೊಂಚೂರು ಚೆನ್ನಾಗಿ ವಾದ ಮಾಡಿ ನನ್ನನ್ನು ಸೋಲಿಸಿದ್ದಿದ್ರೆ, ಈಗ ಸನದ್‌ನಲ್ಲಿ ಕೂತು ಬಿ.ಕಾಂ. ಓದ್ತಾ ಇರ್ತಿದ್ದೆ!"